ನಾಲ್ಕು ಬೆರಳು ಹೆಚ್ಚಿಗೆ

ಪೇಟೆ ಬೀದಿಯ ಹಳೇ ಬಟ್ಟೆ ಅಂಗಡಿಯನ್ನು ಸುತ್ತಲ ಹಳ್ಳಿಗಳಿಗೆಲ್ಲ ಸೇರಿ ಒಂದು ಗ್ರಂಥಾಲಯ ಮಾಡುತ್ತಾರೆಂದು ತಿಳಿದಾಗ, ಅದರ ಮರಗೆಲಸವನ್ನು ಹಟ ಹಿಡಿದು ಪಡೆದೆ. ನನ್ನ ಹೆಂಡತಿ ಮದುವೆಗೆ ಮುಂಚಿನಿಂದಲೂ ಅಲ್ಲೇ ಬಟ್ಟೆ ಅಳೆಯುತ್ತಿದ್ದಳು. ಅವಳು ತೀರಿಹೋದಾಗ ಮಗಳಿಗಿನ್ನೂ ಸರಿಯಾಗಿ ಮಾತು ಬಂದಿರಲಿಲ್ಲ.

ಧಣಿಗಳು ತೀರಿಕೊಂಡು ಅಂಗಡಿಗೆ ಬೀಗ ಬಿದ್ದು ವರ್ಷಗಳಾಗಿದ್ದರೂ ಒಳಗೆ ಗಂಜಿ ಹಾಕಿದ ಬಟ್ಟೆಯ ವಾಸನೆ ಹಾಗೇ ಇತ್ತು. ಗೋಡೆಯುದ್ದಕ್ಕೂ ಬಟ್ಟೆಯ ಥಾನುಗಳನ್ನಿಡುತ್ತಿದ್ದ ಗೂಡುಗಳು. ನಡುವೆ ಉದ್ದನೆಯ ತೇಗದ ಕೌಂಟರು, ಅದರ ಅಂಚಿಗೆ ಬಟ್ಟೆ ಅಳೆಯಲೆಂದು ಗಜಕ್ಕೊಂದರಂತೆ ಹೊಡೆದ ಹಿತ್ತಾಳೆ ಮೊಳೆಗಳು. ಅವಳ ಕೈ ಓಡಾಡಿದ ಕಡೆ ಮರ ನುಣುಪಾಗಿತ್ತು.

"ಅಮ್ಮ ಎಲ್ಲಿ ನಿಂತ್ಕೋತಿದ್ಲು?" ಶಾಲೆ ಬಿಟ್ಟು ನೇರ ಅಲ್ಲಿಗೇ ಬಂದ ಮಗಳು ಕೇಳಿದಳು.

ತೋರಿಸಿದೆ. ಅವಳು ಅಲ್ಲಿ ನಿಂತು, "ಏನ್ ಬೇಕು ಸ್ವಾಮಿ, ಅಂಗಿಗೋ ಲಂಗಕ್ಕೋ?" ಎಂದಳು.

"ಲಂಗಕ್ಕೇ ಕೊಡು ತಾಯಿ, ನನ್ನ ಸೊಂಟಕ್ಕೆ ಸಾಲೋ ಹಾಗೆ."

ಗ್ರಂಥಾಲಯದ ಮೇಡಂ ನಗುತ್ತಲೇ ಒಳಬಂದರು. "ಮೇಸ್ತ್ರಿ, ಈ ಕೌಂಟರ್ ತೆಗೆದುಬಿಡೋಣ. ಮಕ್ಕಳು ಕೂರೋಕೆ ಜಾಗ ಬೇಕಲ್ಲ."

"ಅದೊಂದನ್ನ ಬಿಟ್ಬಿಡಿ ಮೇಡಂ. ನಾನು ಈ ಕೆಲಸಕ್ಕೆ ಬಂದಿದ್ದೇ ಅದಕ್ಕೆ."

ಅವರು ನನ್ನ ಮುಖ, ಮಗಳ ಮುಖ ನೋಡಿದರು. "ಆಯ್ತು ಬಿಡಿ. ಪುಸ್ತಕ ಕೊಡೋ ಮೇಜು ಅದೇ ಆಗ್ಲಿ."

ಟೇಪು ಹಿಡಿದು ನೋಡಿದರೆ ಗೂಡುಗಳೆಲ್ಲ ಸರಿಯಾಗಿ ಒಂದು ಗಜ ಅಗಲ. ಹಲಗೆ ಅಳೆಯಲೂ ಅದು ಚೀಲದಲ್ಲೇ ಇತ್ತು. ಆದರೆ ಅವಳು ಅಳೆದ ಕಡೆಯೇ ಅಳೆಯುವ ಆಸೆ ನನಗೆ. ಒಂದೊಂದೇ ಹಲಗೆಯನ್ನು ಕೌಂಟರಿನ ಮೇಲಿಟ್ಟು, ಮೊಳೆಯಿಂದ ಮೊಳೆಗೆ ಗುರುತು ಹಾಕಿ, ಅಷ್ಟನ್ನೂ ಕೊಯ್ದುಬಿಟ್ಟೆ. ಅವಳಾದರೆ ಮೊಳೆ ದಾಟಿ ನಾಲ್ಕು ಬೆರಳು ಬಿಟ್ಟೇ ಕತ್ತರಿ ಹಾಕುತ್ತಿದ್ದಳು. "ನಿಮ್ಮಪ್ಪನ ಮನೆ ಗಂಟೇನೇ?" ಎಂದು ಧಣಿಗಳು ಬೈದರೂ ಕೇಳುತ್ತಿರಲಿಲ್ಲ. ನಾನೂ "ದಾನಶೂರೆ" ಎಂದು ರೇಗಿಸುತ್ತಿದ್ದೆ. ನಗುತ್ತಿದ್ದಳು, ಅಷ್ಟೇ.

ಮೊದಲ ಹಲಗೆ ಗೂಡಿನಲ್ಲಿ ನಿಲ್ಲದೆ ದಡಾರನೆ ಕೆಳಗೆ ಬಿತ್ತು. ಎರಡನೆಯದೂ ಅಷ್ಟೇ.

"ಎಷ್ಟು ಕಮ್ಮಿ ಅಪ್ಪಾ?"

ಸಂದಿಗೆ ಕೈ ಇಟ್ಟೆ. ನನ್ನ ದಪ್ಪ ಬೆರಳು ಮೂರು ಹಿಡಿಸಿ ಚೂರು ಜಾಗ ಉಳಿಯಿತು. ನನ್ನವಳದಾಗಿದ್ದರೆ ಸರಿಯಾಗಿ ನಾಲ್ಕು. ಧಣಿಗಳ ಗಜವೇ ಮೋಸದ್ದು, ಮೊಳೆಯಿಂದ ಮೊಳೆಗೆ ನಾಲ್ಕು ಬೆರಳು ಕಮ್ಮಿ. ಅವಳು ಯಾರಿಗೂ ಹೆಚ್ಚಿಗೆ ಕೊಟ್ಟಿರಲಿಲ್ಲ, ಅವರವರ ಬಟ್ಟೆ ಅವರಿಗೆ ಕೊಟ್ಟಿದ್ದಳು. ಉಂಡ ಮನೆಯ ಗಳ ಎಣಿಸುವುದು ಅವಳ ಜಾಯಮಾನವಲ್ಲ, ನನಗೂ ಹೇಳಿರಲಿಲ್ಲ. ಈಗ ಕೇಳೋಣವೆಂದರೆ ಎಲ್ಲಿದ್ದಾಳೆ?

ಮೇಡಂ ಹಣೆ ಚಚ್ಚಿಕೊಂಡರು. "ಅಯ್ಯೋ ಮೇಸ್ತ್ರಿ! ತಂದ ಮರ ಎಲ್ಲ ಮುಗೀತಲ್ಲ. ಪುಸ್ತಕದ ಪೆಟ್ಟಿಗೆಗಳು ಬೇರೆ ಬಂದು ಕೂತಿವೆ."

"ಮರ ಇದೆ ಮೇಡಂ." ಕೌಂಟರಿನ ಮೇಲೆ ಕೈಯಿಟ್ಟೆ.

"ಬೇಡಪ್ಪಾ. ನೀವು ಅಷ್ಟು ಕೇಳ್ಕೊಂಡಿದ್ದು."

"ಕಮ್ಮಿ ಮಾಡಿದ್ದು ಇದೇ ಮರ. ಇದೇ ತುಂಬಿಕೊಡ್ಲಿ."

ಗರಗಸ ಹಿಡಿದೆ. ಅವಳು ನಿಂತಿದ್ದ ತುದಿಯನ್ನು ಕೊನೆಗಿಟ್ಟುಕೊಂಡೆ, ಹೇಗಾದರೂ ಅದು ಉಳಿದೀತೆಂದು. ಹಲಗೆಗಳಿನ್ನೂ ಬಾಕಿಯಿದ್ದವು. ಅದನ್ನೂ ಕೊಯ್ದೆ. ಒಂದೊಂದು ಹಲಗೆಯ ತುದಿಗೂ ಒಂದು ಪಟ್ಟಿ ಕೂಡಿಸಿ, ಅಂಟು ಹಾಕಿ, ಬಿಗಿದೆ. ಹೊಸ ಮರದ ಪಕ್ಕ ಪಟ್ಟಿ ಕಂದಾಗಿ, ನುಣುಪಾಗಿ ಎದ್ದು ಕಾಣುತ್ತಿತ್ತು. "ಇದು ನಿಮ್ಮಮ್ಮನ ನಾಲ್ಕು ಬೆರಳು" ಎಂದು ಮಗಳಿಗೆ ತೋರಿಸಿದೆ.

ಬಾಗಿಲು ತೆರೆದ ದಿನ ಹಳ್ಳಿಗಳಿಂದ ಬಸ್ಸು ತುಂಬಿ ಮಕ್ಕಳು ಬಂದರು. ಕೌಂಟರಿದ್ದ ಕಡೆ ಚಾಪೆ ಹಾಸಿತ್ತು. ಮಗಳು ಅಲ್ಲಿ ಕೂರಲಿಲ್ಲ. ಗೂಡಿನಿಂದ ಒಂದು ಪುಸ್ತಕ ಹಿರಿದು, ಖಾಲಿಯಾದ ಜಾಗದಲ್ಲಿ ಪಟ್ಟಿಯ ಮೇಲೆ ನಾಲ್ಕು ಬೆರಳು ಜೋಡಿಸಿಟ್ಟಳು.

"ಅಪ್ಪಾ, ನನ್ನದು ಇನ್ನೂ ಸಾಲಲ್ಲ."

ಪಟ್ಟಿಯಲ್ಲಿ ಉಳಿದ ಆ ಚೂರನ್ನು ನೋಡುತ್ತಾ ನಿಂತೆ.

"ಬೆಳೀತೀಯಲ್ಲ ಮಗಳೇ. ಆಗಾಗ ಇಟ್ಟು ನೋಡ್ತಿರು. ಸಾಲಿದ ದಿನ ನನಗೆ ಹೇಳು."