ಕತ್ತರಿಗೆ ಬಿದ್ದ ಓಟು

ನಾನು ಜನ್ಮದಲ್ಲಿ ಯಾರಿಗೂ ಬಕೆಟ್ ಹಿಡಿದವಳಲ್ಲ. ಅಂಥವಳ ಕೈಗೆ ಚುನಾವಣೆ ಸಾಹೇಬರು ಬಕೆಟ್ಟನ್ನೇ ಕೊಟ್ಟರು. ಹಣೆಬರಹ ಅಂದರೆ ಇದೇ ನೋಡಿ.

ತಪ್ಪು ನನ್ನದೇ, ಸುಳ್ಳು ಯಾಕೆ ಹೇಳಲಿ. ಚಿಹ್ನೆ ಹಂಚೋ ದಿನ ಹತ್ತು ಗಂಟೆಗೆ ಪುರಸಭೆ ಆಫೀಸಿನಲ್ಲಿ ಇರಿ, ಮೊದಲು ಬಂದವರು ಬೇಕಾದ್ದು ಆರಿಸಿಕೊಳ್ಳಬಹುದು ಅಂತ ಹೇಳಿದ್ದರು. ಆದರೆ ಅವತ್ತೇ ಒಂಬತ್ತಕ್ಕೆ ನರ್ಸಮ್ಮನಿಗೆ ಯೂನಿಫಾರ್ಮ್ ಕೊಡ್ತೀನಿ ಅಂತ ಮಾತು ಕೊಟ್ಟುಬಿಟ್ಟಿದ್ದೆ. ಮೂವತ್ತು ವರ್ಷದಲ್ಲಿ ಹೇಳಿದ ದಿನ ಬಟ್ಟೆ ಕೊಡದೆ ಯಾರನ್ನೂ ವಾಪಸ್ ಕಳಿಸಿದವಳಲ್ಲ ನಾನು. ಟೈಲರುಗಳಲ್ಲಿ ಇಂಥದ್ದೂ ಉಂಟಾ ಅಂತ ಜನ ನಗ್ತಾರೆ. ಅವತ್ತು ಕಾಲರ್ ಸರಿಯಾಗಿ ಕೂರಲಿಲ್ಲ. ಬಿಚ್ಚಿ ಮತ್ತೆ ಹೊಲಿದು, ಇಸ್ತ್ರಿ ಹಾಕಿ ಕೊಟ್ಟು, ಓಡೋಡಿ ಹೋಗೋ ಹೊತ್ತಿಗೆ ಹತ್ತೂವರೆ. ಕತ್ತರಿ ಹೋಗಿತ್ತು. ಹೊಲಿಗೆ ಮಿಷನ್ನು ಪಟ್ಟಿಯಲ್ಲೇ ಇರಲಿಲ್ಲ. ಉಳಿದಿದ್ದು ಬಕೆಟ್ಟು.

ಕತ್ತರಿ ತಗೊಂಡಿದ್ದು ಡ್ರಿಲ್ ಮೇಷ್ಟ್ರು. ಶಾಲೆಯಿಂದ ರಿಟೈರ್ ಆಗಿ ನಾಲ್ಕು ವರ್ಷ ಆಗಿದ್ದರೂ ಬೀದಿಯಲ್ಲಿ ಅವರು ಎದುರಾದರೆ ಜನ ಇವತ್ತಿಗೂ ನೆಟ್ಟಗೆ ನಿಲ್ತಾರೆ. ಮೋಸದ ಮನುಷ್ಯ ಅಲ್ಲ. ಅವರಿಗೆ ಬೇಕಿದ್ದಿದ್ದು ಸೀಟಿ, ಪಟ್ಟಿಯಲ್ಲಿ ಅದಿರಲಿಲ್ಲ. ‘ಯಾವುದಾದರೂ ಕೊಡಿ’ ಅಂದರಂತೆ, ಸಾಹೇಬರು ಪಟ್ಟಿಯಲ್ಲಿ ಮೊದಲು ಕಂಡದ್ದನ್ನ ಕೊಟ್ಟರಂತೆ.

ನಾನು ನಿಂತದ್ದು ಮೆಂಬರ್ ಅನ್ನಿಸಿಕೊಂಡು ಮೆರೆಯೋಕಲ್ಲ. ಮಾರ್ಕೆಟ್ಟಿನ ಮೆಟ್ಟಿಲ ಪಕ್ಕದಲ್ಲಿ ಎಂಟು ಅಂಗಡಿ ಇವೆ, ಅದರಲ್ಲಿ ಮೂರನೆಯದು ನಂದು. ಅವನ್ನ ಒಡೆದು ಗಾಡಿ ನಿಲ್ಲಿಸೋ ಜಾಗ ಮಾಡಬೇಕು ಅಂತ ಪುರಸಭೆಯಲ್ಲಿ ಫೈಲು ಓಡಾಡ್ತಾ ಇತ್ತು. ಹದಿಮೂರು ಮೆಂಬರಲ್ಲಿ ಆರು ಜನ ಒಡೀಬೇಕು ಅಂತ, ಆರು ಜನ ಬೇಡ ಅಂತ. ಹದಿಮೂರನೆಯವರು ತೀರಿಕೊಂಡಿದ್ದರು. ಆ ಖಾಲಿ ಕುರ್ಚಿಗೇ ಈ ಚುನಾವಣೆ. ಮೇಷ್ಟ್ರು ಒಡೆಯೋ ಕಡೆ. ಬೀದಿಯಲ್ಲಿ ಗಾಡಿ ಅಡ್ಡಾದಿಡ್ಡಿ ನಿಂತಿದ್ದರೆ ಅವರಿಗೆ ಮೈ ಉರಿಯುತ್ತೆ. ನನಗೆ ಅಂಗಡಿ ಹೋದರೆ ಅನ್ನ ಹೋದ ಹಾಗೆ.

ಮೂವತ್ತು ವರ್ಷದಿಂದ ನನ್ನ ಅಂಗಡಿ ಬೋರ್ಡಿನ ಮೇಲೆ ಇರೋದು ಒಂದೇ ಚಿತ್ರ, ಇಷ್ಟು ದೊಡ್ಡ ಕೆಂಪು ಕತ್ತರಿ. ಅಕ್ಷರ ಓದೋರು ಯಾರು? ‘ಕತ್ತರಿ ಅಂಗಡಿಗೆ ಹೋಗು’ ಅಂತಾನೇ ಮಕ್ಕಳನ್ನ ಕಳಿಸ್ತಾರೆ. ಓಟು ಕೇಳೋಕೆ ಹೋದರೆ ಬೇಕರಿಯವನು ಬಾಗಿಲಲ್ಲೇ ನಿಂತು, “ನಿಮಗಲ್ಲದೆ ಇನ್ಯಾರಿಗೆ ಟೈಲರಕ್ಕ, ಕತ್ತರಿಗೇ ಒತ್ತೋದು” ಅಂದ.

“ಕತ್ತರಿ ಅಲ್ಲ ಮಾರಾಯ, ಬಕೆಟ್ಟು.”

“ಬಕೆಟ್ಟು. ಗೊತ್ತಾಯ್ತು” ಅಂದವನು ಒಳಗೆ ತಿರುಗಿ ಹೆಂಡತಿಗೆ, “ಲೇ, ಕತ್ತರಿ ಅಕ್ಕ ಬಂದಿದ್ದಾರೆ, ನೀರು ಕೊಡು” ಅನ್ನಬೇಕಾ? ತಲೆ ಚಚ್ಚಿಕೊಳ್ಳೋದೊಂದು ಬಾಕಿ.

ನಮ್ಮ ಯಜಮಾನರು ಅಂಗಡಿಯಲ್ಲಿ ಗುಂಡಿ ಹಚ್ಚೋರು, ಮಾತು ಕಮ್ಮಿ. ಅವರೇ ಹಳೇ ಬೆಡ್‌ಶೀಟ್ ತಂದು, ಏಣಿ ಹತ್ತಿ ಬೋರ್ಡಿಗೆ ಮುಚ್ಚಿದರು. ಅದರಿಂದ ಇನ್ನೊಂದು ಎಡವಟ್ಟಾಯ್ತು. ಯಾಕೆ ಮುಚ್ಚಿದ್ದೀರಿ ಅಂತ ಕೇಳೋಕೆ ಬಂದವರೆಲ್ಲ ಕತ್ತರಿಯನ್ನ ಇನ್ನಷ್ಟು ಗಟ್ಟಿಯಾಗಿ ನೆನಪಿಟ್ಟುಕೊಂಡು ಹೋದರು.

ಅತ್ತ ಮೇಷ್ಟ್ರ ಪಾಡೂ ನೋಡಂಗಿರಲಿಲ್ಲ. ಕತ್ತರಿ ಚಿತ್ರದ ಚೀಟಿ ಹಿಡಿದು ಮನೆಮನೆಗೆ ಹೋದರೆ, “ಪಾಪ, ಟೈಲರಕ್ಕನ ಸಲುವಾಗಿ ಈ ಬಿಸಿಲಲ್ಲಿ ಸುತ್ತುತಾ ಇದೀರಲ್ಲ ಮೇಷ್ಟ್ರೇ, ದೊಡ್ಡ ಮನಸ್ಸು ನಿಮ್ಮದು” ಅಂತಿದ್ದರಂತೆ. “ನಾನು ಅವರ ಎದುರಾಳಿ” ಅಂದರೂ ನಂಬದೆ ನಕ್ಕರಂತೆ.

ಓಟಿನ ದಿನ ಎಂಬತ್ತೆರಡು ವರ್ಷದ ನಮ್ಮತ್ತೆಯನ್ನ ನಾನೇ ಕೈಹಿಡಿದು ಕರಕೊಂಡು ಹೋದೆ. ಒಂದು ವಾರ ಮನೇಲಿ ಬಕೆಟ್ ತೋರಿಸಿ ತೋರಿಸಿ ಪಾಠ ಮಾಡಿದ್ದೆ. ಹೊರಗೆ ಬಂದವರೇ ಶಾಯಿ ಬೆರಳು ಎತ್ತಿ ಹಿಡಿದು ಹೇಳಿದರು, “ನಿನ್ನ ಕತ್ತರಿಗೇ ಒತ್ತಿ ಬಂದೆ ಕಣೆ.”

“ಅತ್ತೆ, ಬಕೆಟ್ಟು ಅಂದಿದ್ದೆನಲ್ಲ!”

“ಬಕೆಟ್ಟಿಗೆ ಯಾರಾದರೂ ಓಟು ಹಾಕ್ತಾರಾ? ನನಗೇನು ಅರಳುಮರಳಾ?”

ದೀಪದ ಕೆಳಗೆ ಕತ್ತಲೆ ಅಂತಾರಲ್ಲ, ಅದು ನಮ್ಮನೆಯಲ್ಲೇ ಆಯ್ತು. ಬೇರೆಯವರಿಗೆ ಏನು ಹೇಳೋದು.

ಏಳು ಓಟಿಗೆ ಸೋತೆ. ಏಳೇ ಏಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಜನ ಬೇಡ ಅಂದಿದ್ದರೆ ನುಂಗಿಕೊಳ್ತಿದ್ದೆ. ನಾನೇ ಬೇಕು ಅಂದುಕೊಂಡು ಸೋಲಿಸಿದರಲ್ಲ, ಆ ಸಂಕಟ ಯಾರ ಹತ್ತಿರ ಹೇಳಲಿ? ಸಿಟ್ಟಿಗೆ ಆ ಬಕೆಟ್ಟನ್ನ ಒದ್ದು ಕಾಲ್ಬೆರಳು ಊದಿಸಿಕೊಂಡೆ. ಯಜಮಾನರು ಪಕ್ಕದಲ್ಲಿ ಕೂತು, “ಅಂಗಡಿ ಹೋದರೆ ಮನೇಲೇ ಹೊಲಿಯೋಣ” ಅಂದರು. ನಮ್ಮನೆಯಲ್ಲಿ ಮಿಷನ್ ಇಟ್ಟರೆ ಮಂಚ ಹೊರಗಿಡಬೇಕು. ಅದು ಅವರಿಗೂ ಗೊತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಎದ್ದರೆ ಅತ್ತೆ ಇಲ್ಲ. ಹುಡುಕಿಕೊಂಡು ಹೋದರೆ ಮೇಷ್ಟ್ರ ಮನೆ ಮುಂದೆ ನಿಂತಿದ್ದಾರೆ.

“ನೋಡಪ್ಪ, ನನ್ನ ಓಟು ನನ್ನ ಸೊಸೇದು. ತಪ್ಪಿ ನಿನ್ನ ಹತ್ತಿರ ಬಂದಿದೆ. ವಾಪಸ್ ಕೊಡು.”

ಮೇಷ್ಟ್ರು ಮುಖಕ್ಷೌರ ಅರ್ಧ ಮಾಡಿಕೊಂಡು ಬಂದಿದ್ದರು. “ಅಮ್ಮ, ಓಟು ಗುಟ್ಟಾಗಿರಬೇಕು, ಹೀಗೆ ಬೀದೀಲಿ ಹೇಳಬಾರದು” ಅಂದರು. ಅಷ್ಟರಲ್ಲಿ ಬೇಕರಿಯವನು ಬಂದ, “ನಂದೂ ಟೈಲರಕ್ಕಂದೇ ಮೇಷ್ಟ್ರೇ.” ಅವನ ಹಿಂದೆ ಹೆಂಡತಿ. ಅವಳ ಹಿಂದೆ ನರ್ಸಮ್ಮ, ನಾನು ಹೊಲಿದ ಯೂನಿಫಾರ್ಮಿನಲ್ಲೇ. ಕಾಲರ್ ಚೆನ್ನಾಗಿ ಕೂತಿತ್ತು, ಆ ಹೊತ್ತಲ್ಲೂ ನನ್ನ ಕಣ್ಣು ಅಲ್ಲಿಗೇ ಹೋಯ್ತು. ಗಲಾಟೆ ಜಾಸ್ತಿಯಾದಾಗ ಮೇಷ್ಟ್ರು ಅಭ್ಯಾಸಬಲದಿಂದ, “ಸಾಲಾಗಿ ನಿಲ್ಲಿ” ಅಂದುಬಿಟ್ಟರು. ಎಲ್ಲರೂ ನಿಂತರು. ಎಣಿಸಿದರೆ ಮೂವತ್ತೊಂದು ಜನ. ಆ ಅರ್ಧ ಸೋಪಿನ ಮುಖ ಸಪ್ಪಗಾಗಿದ್ದು ನೋಡಿ ನನಗೇ ಅಯ್ಯೋ ಅನ್ನಿಸಿತು.

ಮಧ್ಯಾಹ್ನ ಅವರೇ ಅಂಗಡಿಗೆ ಬಂದರು. ಸ್ಟೂಲ್ ಕೊಟ್ಟರೂ ಕೂರಲಿಲ್ಲ.

“ನಾನು ರಾಜೀನಾಮೆ ಕೊಡ್ತೀನಮ್ಮ. ಸೀಟಿ ಊದೋ ಮುಂಚೆ ಓಡಿದವನಿಗೆ ನಾನು ಯಾವತ್ತೂ ಬಹುಮಾನ ಕೊಟ್ಟವನಲ್ಲ.”

ಖುಷಿಯಾಗಬೇಕಿತ್ತು. ಆದರೆ ಮತ್ತೆ ಚುನಾವಣೆ ಅಂದರೆ ಆರು ತಿಂಗಳು. ಅಂಗಡಿ ವಿಷಯ ಮೀಟಿಂಗಿಗೆ ಬರೋದು ಮುಂದಿನ ಸೋಮವಾರ. ಆರಕ್ಕಾರು ಆದರೆ ಅಧ್ಯಕ್ಷರು ಹೇಳಿದ್ದೇ ಕೊನೆ, ಅಧ್ಯಕ್ಷರು ಒಡೆಯೋ ಕಡೆ. ಹಾಗಂತ ಹೇಳಿದೆ. “ನಿಮಗೆ ಸರಿ ಕಂಡದ್ದು ಮಾಡಿ ಮೇಷ್ಟ್ರೇ, ನಾನು ಕೈಮುಗಿದು ಬೇಡೋಳಲ್ಲ” ಅಂತಾನೂ ಹೇಳಿದೆ. ನನ್ನ ಬಾಯಿಗೆ ಬೀಗ ಇಲ್ಲ. ಅವರು ಸ್ಟೂಲನ್ನ ಗೋಡೆಗೆ ನೆಟ್ಟಗೆ ಸರಿಸಿಟ್ಟು ಹೋದರು. ಆಮೇಲೆ ನಾಲ್ಕು ದಿನ ನಾನು ಹೊಲಿದದ್ದೆಲ್ಲ ಸೊಟ್ಟಗೆ.

ಸೋಮವಾರ ಮೀಟಿಂಗು. ನಾವು ಎಂಟೂ ಅಂಗಡಿಯವರು ಹಿಂದಿನ ಬೆಂಚಿನಲ್ಲಿ ಕೂತೆವು. ಅಧ್ಯಕ್ಷರು, “ಅಂಗಡಿ ತೆಗೆಯೋಕೆ ಒಪ್ಪಿಗೆ ಇರೋರು ಕೈ ಎತ್ತಿ” ಅಂದರು. ಆರು ಕೈ. ಮೇಷ್ಟ್ರ ಎರಡೂ ಕೈ ಮೊಣಕಾಲ ಮೇಲಿದ್ದವು. “ಬೇಡ ಅನ್ನೋರು?” ಆರು ಕೈ ಎದ್ದವು. ಮೇಷ್ಟ್ರು ಮೇಜನ್ನೇ ನೋಡ್ತಾ ಕೂತಿದ್ದರು. ನಮ್ಮ ಯಜಮಾನರು ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದರು ಅಂದರೆ ಬಳೆ ಚುಚ್ಚಿತು. ಆಗ ಮೇಷ್ಟ್ರ ಬಲಗೈ ನಿಧಾನಕ್ಕೆ ಎದ್ದು, ಕಿವಿಗೆ ತಾಗಿಕೊಂಡು ನೆಟ್ಟಗೆ ನಿಂತಿತು. ಅಧ್ಯಕ್ಷರು ಎರಡೆರಡು ಸಲ ಎಣಿಸಿದರು. ಎಣಿಸಿ ಮುಗಿಯೋ ತನಕ ಆ ಕೈ ಒಂದಿಷ್ಟೂ ಬಾಗಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಮೇಷ್ಟ್ರು ಸಿಕ್ಕಿದರು. ಅವರೇ ಮುಖ ಗಂಟು ಹಾಕಿಕೊಂಡು ಹೇಳಿದರು, “ನನ್ನನ್ನ ಕೇಳಿದರೆ ಈಗಲೂ ಅಲ್ಲಿ ಗಾಡಿ ನಿಲ್ಲೋ ಜಾಗವೇ ಆಗಬೇಕು. ಅದು ನನ್ನ ಅಭಿಪ್ರಾಯ, ಬದಲಾಗಿಲ್ಲ.”

“ಮತ್ತೆ ಕೈ ಎತ್ತಿದಿರಲ್ಲ ಮೇಷ್ಟ್ರೇ?”

“ಅದು ನನ್ನ ಕೈ ಅಲ್ಲಮ್ಮ, ನಿಮ್ಮದು” ಅಂದು, ಅಡ್ಡ ನಿಂತಿದ್ದ ಸ್ಕೂಟರೊಂದನ್ನ ತಾವೇ ಎಳೆದು ನೆಟ್ಟಗೆ ನಿಲ್ಲಿಸಿ ಹೊರಟುಹೋದರು.