ಗೋಡೆ ಪಕ್ಕದ ಲೇನು

ಕೆಂಪು ಟೋಪಿ, ಮುಳುಗಿತು, ಎದ್ದಿತು, ಗೋಡೆ ಪಕ್ಕದ ಲೇನಿನಲ್ಲಿ ಯಾರೋ ಇದ್ದಾರೆ, ನನ್ನ ಲೇನಿನಲ್ಲಿ, ಭಾನುವಾರ ಈ ಹೊತ್ತಿಗೆ ಅಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ನಡುವಿನ ಲೇನುಗಳಿಗೇ ಮುಗಿಬೀಳುತ್ತಾರೆ, ಗೋಡೆ ಪಕ್ಕ ನೀರು ಕೊರೆಯುತ್ತದೆ ಅಂತ ಹೆದರಿಕೆ, ಮೇಲಿನ ಕಿಟಕಿಯಿಂದ ಬಿಸಿಲು ಬೀಳುವುದು ಅಲ್ಲೇ ಅಂತ ಗೊತ್ತಿಲ್ಲ ಪಾಪ, ಗೊತ್ತಾಗದಿರಲಿ ಅಂತಲೇ ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ — ಇರಲಿ, ಯಾರೋ ಏನೋ, ಈಜಿ ಹೋಗಲಿ, ಕೊಳ ನನ್ನಪ್ಪನ ಮನೆಯ ಆಸ್ತಿಯೇನಲ್ಲ, ಟವೆಲನ್ನು ಬೆಂಚಿನ ಮೇಲಿಟ್ಟು ಕಾಯುತ್ತೇನೆ, ಕಾಲಡಿ ಒದ್ದೆ ಟೈಲ್ಸು, ಕ್ಲೋರಿನ್ ವಾಸನೆ, ಈ ವಾಸನೆ ಮೂಗಿಗೆ ಬಡಿದರೆ ಸಾಕು ವಾರದ ಭಾರ ಹೆಗಲಿನಿಂದ ಇಳಿಯುತ್ತದೆ, ಅಕ್ಕ ನಗುತ್ತಾಳೆ, ಎಲ್ರಿಗೂ ಸೆಂಟು ಇಷ್ಟ, ನಮ್ಮವ್ಳಿಗೆ ಮಾತ್ರ ನೆಲ ಒರೆಸೋ ವಾಸ್ನೆ, ನಗಲಿ, ವಾರವಿಡೀ ಬೇರೆಯವರ ಅಳು ಕೇಳಿದ ಕಿವಿಯೊಳಗೆ ನೀರು ತುಂಬಿಕೊಳ್ಳುವ ಸುಖ ಅವಳಿಗೇನು ಗೊತ್ತು, ನೀರೊಳಗೆ ಯಾರೂ ಡಾಕ್ಟ್ರೇ ಅನ್ನುವುದಿಲ್ಲ, ನಾನು ಡಾಕ್ಟರಲ್ಲ, ಥೆರಪಿಸ್ಟು, ಹೇಳಿ ಹೇಳಿ ನಾಲಿಗೆ ಸವೆದಿದೆ, ನೀರೊಳಗೆ ಅದನ್ನೂ ಹೇಳಬೇಕಿಲ್ಲ, ಗುಳುಗುಳು ಸದ್ದು ಬಿಟ್ಟರೆ ಏನೂ ಇಲ್ಲ — ಕೆಂಪು ಟೋಪಿ ಈ ತುದಿಗೆ ಬಂತು, ಈಜು ಕನ್ನಡಕ ಹಣೆಗೇರಿಸಿತು, ಮುಖ ಒರೆಸಿಕೊಂಡಿತು, ಅಯ್ಯೋ ದೇವರೇ. ಬುಧವಾರ.

ಬುಧವಾರ ಅಂದರೆ ಬುಧವಾರ ನಾಲ್ಕು ಗಂಟೆಯವಳು, ನಮ್ಮ ಕೆಲಸದಲ್ಲಿ ಹೆಸರುಗಳನ್ನು ಕೋಣೆಯಿಂದಾಚೆ ತರುವ ಹಾಗಿಲ್ಲ, ಮನಸ್ಸಿನಲ್ಲೂ ಬೇಡ ಅಂತ ನಾನೇ ಹಾಕಿಕೊಂಡ ನಿಯಮ, ಹಾಗಾಗಿ ನನ್ನ ತಲೆಯೊಳಗೆ ಮನುಷ್ಯರಿಲ್ಲ, ಬರೀ ವಾರಗಳು ಓಡಾಡುತ್ತವೆ, ಸೋಮವಾರ ಉಗುರು ಕಚ್ಚುತ್ತದೆ, ಗುರುವಾರ ಗಂಡನನ್ನು ಬೈಯುತ್ತದೆ, ಮತ್ತೆ ಬುಧವಾರ, ಅಮ್ಮ ಸತ್ತ ಮೇಲೆ ಹಾಸಿಗೆ ಬಿಟ್ಟು ಏಳದವಳು, ಅಣ್ಣ ಕೈಹಿಡಿದು ತಂದು ಕೂರಿಸಿಹೋದವಳು, ನೆಲ ನೋಡುತ್ತಾ, ನಂಗೇನೂ ಇಷ್ಟ ಅಂತ್ಲೇ ಇಲ್ಲ ಡಾಕ್ಟ್ರೇ, ಏನ್ ಮಾಡ್ಲಿ ಅಂತ ನೀವೇ ಹೇಳ್ಬಿಡಿ. ದಿನಕ್ಕೊಂದು ಸಣ್ಣ ಖುಷಿ, ಮಾಡಿ ನೋಡಿ ಬಂದು ಹೇಳಬೇಕು, ಇದು ನಾವು ಕೊಡುವ ಪಾಠ, ಆದರೆ ಆ ಖುಷಿ ಅವರ ಬಾಯಿಂದಲೇ ಬರಬೇಕು, ನಮ್ಮ ಕೆಲಸ ತಿದ್ದುವ ದೊಡ್ಡ ಮೇಡಂ ಟೇಬಲ್ ತಟ್ಟಿ ಹೇಳುತ್ತಾರೆ, ನಿಮ್ಮನೆ ಅಡುಗೆ ಅವರಿಗೆ ಬಡಿಸ್ಬೇಡ್ರಮ್ಮಾ, ಅವರ ಹಸಿವು ಯಾತರದ್ದು ಅಂತ ಕೇಳಿ, ಕಾಯಿರಿ. ಕಾದೆ, ವಾರಗಟ್ಟಲೆ ಕಾದೆ, ಅವಳು ನೆಲ ನೋಡಿದಳು, ನಾನು ಗಡಿಯಾರ ನೋಡಿದೆ, ಅದೊಂದು ದಿನ ತಡೆಯಲಾರದೆ ಬಡಿಸಿಯೇ ಬಿಟ್ಟೆ, ಕೆಲವರಿಗೆ ಬೆಳಿಗ್ಗೆ ಬೇಕರಿಗೆ ಹೋಗಿ ಬಿಸಿ ಬ್ರೆಡ್ ತಗೊಂಡು, ದಾರೀಲೇ ಅದರ ತುದಿ ಮುರಿದು ತಿನ್ನೋದು ಇಷ್ಟ ಆಗತ್ತೆ, ಹೀಗಂದೆ, ಕೆಲವರಿಗೆ, ಆಹಾ, ಯಾರು ಆ ಕೆಲವರು, ಇಡೀ ಪೇಟೆಯಲ್ಲಿ ಹಾಗೆ ಇಲಿಯಂತೆ ಬ್ರೆಡ್ಡಿನ ಮೂಲೆ ಕಡಿದುಕೊಂಡು ನಡೆಯುವವಳು ನಾನೊಬ್ಬಳೇ. ಮರುವಾರ ತಲೆ ಎತ್ತಿ ಕೂತಿದ್ದಳು. ತುಂಬಾ ಬಿಸಿ ಇತ್ತು ಡಾಕ್ಟ್ರೇ, ನಾಲಿಗೆ ಸುಡ್ತು, ಅಂದು ನಕ್ಕಳು, ಮೊದಲ ನಗು, ನನ್ನ ಕಣ್ಣಲ್ಲಿ ನೀರೇ ಬಂತು, ಸುಳ್ಳಲ್ಲ, ಅವತ್ತು ಬಂದದ್ದು ಸಂತೋಷದ ನೀರೇ.

ಆಮೇಲೆ ಬಾಯಿಗೆ ಬೀಗ ಹಾಕಬೇಕಿತ್ತು, ಹಾಕಲಿಲ್ಲ, ಒಂದು ನಗುವಿಗೆ ಇನ್ನೊಂದು ನಗುವಿನ ಆಸೆ, ಕೆಲವರಿಗೆ ಲೈಬ್ರರಿ ಮಹಡಿಯಲ್ಲಿ ಕಿಟಕಿ ಪಕ್ಕ ಕೂತು ಪದಬಂಧ ಬಿಡಿಸೋದು ಇಷ್ಟ, ಕೆಲವರಿಗೆ ರೇಡಿಯೋ ಹಾಕ್ಕೊಂಡು ಬಟ್ಟೆ ಇಸ್ತ್ರಿ ಮಾಡೋದು ಇಷ್ಟ, ಒಗೆದ ಬಟ್ಟೆಯಿಂದ ಹಬೆ ಏಳತ್ತಲ್ಲ ಆ ವಾಸ್ನೆ, ಕೆಲವರು ಕೆಲವರು ಅನ್ನುತ್ತಾ ಗಂಟು ಬಿಚ್ಚಿ ಒಂದೊಂದಾಗಿ ಎದುರಿಗಿಟ್ಟೆ, ಅವಳೂ ಒಂದೊಂದಾಗಿ ಎತ್ತಿಕೊಂಡಳು, ಮತ್ತೆ ನೋಡಿದರೆ ಬೇಕರಿ ತಾತ ಅವಳಿಗೆಂದೇ ಬ್ರೆಡ್ಡಿನ ತುದಿ ಕತ್ತರಿಸಿ ಬೇರೆ ಕಾಗದದಲ್ಲಿ ಸುತ್ತಿಡುತ್ತಾನೆ, ಆ ಮಗೂಗೆ ತುದಿ ಇಷ್ಟ ಕಣಮ್ಮಾ, ಅಂತ ನನಗೇ ಹೇಳುತ್ತಾನೆ, ನನಗೆ, ವರ್ಷಗಟ್ಟಲೆ ಅವನ ಗಲ್ಲಾದ ಮುಂದೆ ನಿಂತವಳಿಗೆ, ಒಂದಾ ಎರಡಾ ಅನ್ನುವುದರಾಚೆ ಅವನು ಇನ್ನೊಂದು ಮಾತಾಡಿದ್ದೇ ಇಲ್ಲ, ಒಂದು ಅಂದೆ, ತುದಿಯಿಲ್ಲದ ಬ್ರೆಡ್ ಹಿಡಿದು ಮನೆಗೆ ಬಂದೆ. ಲೈಬ್ರರಿಗೆ ಹೋದರೆ ಕಿಟಕಿಯ ಕುರ್ಚಿಯಲ್ಲಿ ಅವಳ ಬೆನ್ನು, ಪೆನ್ಸಿಲ್ ಕಚ್ಚುತ್ತಾ ಪದಬಂಧ ತುಂಬುತ್ತಿದ್ದಾಳೆ, ಹೋದ ಪುಟ್ಟ ಬಂದ ಪುಟ್ಟ ಅಂತ ಮೆಟ್ಟಿಲಿಳಿದು ಬಂದೆ, ಹೊರಗೆ ಕಂಡರೆ ಅವರಾಗಿ ಮಾತಾಡಿಸುವವರೆಗೂ ನಾವು ಗುರುತು ತೋರಿಸುವಂತಿಲ್ಲ, ಅವರ ಗುಟ್ಟು ಕಾಯುವ ನಿಯಮ, ಒಳ್ಳೆಯದೇ, ಆದರೆ ನನ್ನ ಕುರ್ಚಿಯನ್ನು ಯಾವ ನಿಯಮ ಕಾಯುತ್ತದೆ. ಅಕ್ಕನಿಗೆ ಹೆಸರು ಊರು ಏನೂ ಇಲ್ಲದೆ, ಯಾರೋ ನನ್ನ ಜಾಗದಲ್ಲೆಲ್ಲ ಕೂತುಬಿಟ್ಟಿದಾರೆ ಕಣೇ ಅಂದೆ, ನೀನೇ ಕೊಟ್ಟಿರ್ತೀಯ ಬಿಡು, ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ, ಅಂದಳು, ಅವಳ ಬಾಯಿಗೆ ಬೆಲ್ಲ ಹಾಕಬೇಕೋ ಬೆಂಕಿ ಹಾಕಬೇಕೋ ತಿಳಿಯಲಿಲ್ಲ. ಹೊಟ್ಟೆಕಿಚ್ಚು, ಹೌದು, ಅದೇ, ಕೋಣೆಯಲ್ಲಿ ಕೂತಿದ್ದರೆ ಇದಕ್ಕೊಂದು ಮೆತ್ತನೆ ಹೆಸರಿಟ್ಟು, ಹಾಗನ್ನಿಸೋದು ಸಹಜ, ಅಂತ ತಲೆಯಾಡಿಸುತ್ತಿದ್ದೆ, ಈಗ ಟವೆಲ್ ಹಿಂಡುತ್ತಾ ಕೂತಿದ್ದೇನೆ, ಅದಿನ್ನೂ ಒದ್ದೆಯೇ ಆಗಿಲ್ಲ. ಅವಳು ನನಗಿಂತ ಚೆನ್ನಾಗಿ ಖುಷಿಪಡುತ್ತಾಳೆ, ಅದು ಉರಿ, ಬುಧವಾರ ಬಂದು ನನ್ನ ಬ್ರೆಡ್ಡನ್ನು ನನಗೇ ಬಣ್ಣಿಸುತ್ತಾಳೆ, ಕಣ್ಣರಳಿಸಿ, ನಾನು ತಿಂದಾಗ ಅದಕ್ಕೆ ಅಷ್ಟು ರುಚಿ ಇತ್ತೇ, ನೆನಪಾಗುತ್ತಿಲ್ಲ, ಈಗ ಇಸ್ತ್ರಿ ಪೆಟ್ಟಿಗೆ ಮುಟ್ಟಿದರೂ ಅವಳ ಸೀರೆ ತೀಡುತ್ತಿದ್ದೇನೆ ಅನ್ನಿಸುತ್ತದೆ.

ಆದರೆ ಈಜು ಹೇಳಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಈಜು ನಾನು ಹೇಳಲೇ ಇಲ್ಲ, ಎಷ್ಟೋ ಸಲ ನಾಲಿಗೆ ತುದಿಗೆ ಬಂದು ನುಂಗಿಕೊಂಡಿದ್ದೇನೆ, ಇದೊಂದಾದರೂ ಉಳಿಯಲಿ, ಇದು ಹೋದರೆ ಸೋಮವಾರ ಕೋಣೆಯ ಕುರ್ಚಿಯಲ್ಲಿ ಕೂರುವುದಕ್ಕೆ ನನ್ನ ಹತ್ತಿರ ಏನಿರುತ್ತದೆ, ಬರಿದಾದ ಬಿಂದಿಗೆಯಿಂದ ಯಾರಿಗೆ ಬಗ್ಗಿಸಲಿ — ಹಿಂದೆ ಬಿದ್ದು ಪತ್ತೆ ಮಾಡಿದಳೇ, ನನ್ನ ಕೂದಲಿನಲ್ಲಿ ಕ್ಲೋರಿನ್ ವಾಸನೆ ಬಂದಿತ್ತೇ, ಏಳು, ಎದ್ದು ಹೋಗು, ಅವಳು ನೋಡುವ ಮೊದಲು, ಯಾಕೆ ಹೋಗಲಿ, ದುಡ್ಡು ಕೊಟ್ಟಿಲ್ಲವೇ ನಾನು, ಕೆಂಪು ಟೋಪಿ ಗೋಡೆಗೆ ಕಾಲೊದ್ದು ತಿರುಗಿತು, ತೋಳು ಎಷ್ಟು ಹಗುರಾಗಿ ಬೀಳುತ್ತದೆ, ನೀರೇ ಚಿಮ್ಮುವುದಿಲ್ಲ, ನಿನ್ನೆ ಮೊನ್ನೆ ಕಲಿತವಳ ಈಜಲ್ಲ ಇದು, ನನ್ನದು ಹೀಗಿಲ್ಲ, ನಾನು ಎಮ್ಮೆ ಕೆರೆಗಿಳಿದ ಹಾಗೆ ಈಜುತ್ತೇನೆ, ಅಕ್ಕನ ಮಾತು, ನಿಜ, ಬಿಸಿಲಿನ ಚೌಕ ಅವಳ ಬೆನ್ನ ಮೇಲೆ ಬಿದ್ದಿದೆ, ಅವಳ ಜೊತೆಗೇ ಸಾಗುತ್ತಿದೆಯೇನೋ ಅನ್ನಿಸುತ್ತಿದೆ, ಮತ್ತೆ ಈ ತುದಿ, ಕನ್ನಡಕ ಎತ್ತಿದಳು, ನೋಡಿದಳು. ಡಾಕ್ಟ್ರೇ! ಅಯ್ಯೋ ನೀವಾ! ಇಡೀ ಕೊಳಕ್ಕೆ ಕೇಳುವಂತೆ ಕೂಗಿದಳು, ಹಾಸಿಗೆಯಿಂದ ಏಳದಿದ್ದವಳು, ಸದ್ದು ಮಾಡಿದರೆ ಎಲ್ಲಿ ಒಡೆಯುತ್ತದೋ ಅನ್ನುವ ಹಾಗೆ ಪಿಸುಗುಟ್ಟುತ್ತಿದ್ದವಳು.

ನಾನು ಎದ್ದು ಅಂಚಿಗೆ ಬಂದಿದ್ದೇನೆ, ಯಾವಾಗ ಎದ್ದೆನೋ, ಅವಳು ಗೋಡೆ ಹಿಡಿದು ತೇಲುತ್ತಾ ಮಾತಾಡುತ್ತಲೇ ಇದ್ದಾಳೆ, ಬುಧವಾರ ಹೇಳೋಣ ಅಂತಿದ್ದೆ ಡಾಕ್ಟ್ರೇ, ನೀವೇ ಸಿಕ್ಬಿಟ್ರಿ, ಚಿಕ್ಕವ್ಳಿದ್ದಾಗ ಅಮ್ಮ ಇಲ್ಲಿಗೇ ಕರ್ಕೊಂಡ್ಬರ್ತಿದ್ರು, ಆಗ ಟೈಲ್ಸ್ ಹಸಿರಿತ್ತು, ಇದೇ ಗೋಡೆ ಪಕ್ಕ, ಇಲ್ಲಿ ಬಿಸಿಲು ಬೀಳತ್ತೆ ಬಾ ಅಂತ, ಅವರು ಹೋದ್ಮೇಲೆ ಈ ಕಡೆ ತಲೆ ಹಾಕೋಕ್ಕೂ ಧೈರ್ಯ ಇರ್ಲಿಲ್ಲ, ಇವತ್ತು ಬೆಳಿಗ್ಗೆ ಎದ್ದೆ, ಬಂದ್ಬಿಟ್ಟೆ, ಮಿಕ್ಕಿದ್ದೆಲ್ಲ ನೀವ್ ಹೇಳಿ ಮಾಡಿದ್ದು, ಇದೊಂದು ಮಾತ್ರ ನಾನೇ ಹುಡುಕ್ಕೊಂಡಿದ್ದು, ಇದು ನಂದೇ ಅಲ್ವಾ ಡಾಕ್ಟ್ರೇ? — ಹಸಿರು ಟೈಲ್ಸು ನಾನು ನೋಡಿಲ್ಲ, ನಾನು ಬರುವ ಹೊತ್ತಿಗೆ ನೀಲಿ — ಹೌದು, ನಿಮ್ದೇ, ಅಂದೆ, ಕೋಣೆಯ ದನಿಯಲ್ಲಿ ಬಂತು, ಅಭ್ಯಾಸಬಲ, ಒಳಗೆ ಕೆಂಡ ಹಾಗೇ ಇದೆ, ನಿನ್ನದು ಹೇಗಾಗುತ್ತದೆ, ಇಷ್ಟು ವರ್ಷದ ಭಾನುವಾರಗಳು ನನ್ನವು, ಅಮ್ಮನ ಕೈಹಿಡಿದು ಬಂದೆಯಂತೆ, ನಾನು ಯಾರ ಕೈಯನ್ನೂ ಹಿಡಿಯದೆ ಬಂದೆ, ಅವಳು ಕತ್ತೆತ್ತಿ ನನ್ನ ಟವೆಲು ಟೋಪಿ ನೋಡುತ್ತಿದ್ದಾಳೆ, ನೀವೂ ಈಜೋಕೆ ಬಂದ್ರಾ, ಮೊದಲ್ನೇ ಸಲನಾ? ಮುಖ ಪೂರ್ತಿ ಬೆಳಗಿದೆ, ಇಲ್ಲ ಅಂದುಬಿಡು, ಪ್ರತಿ ವಾರ ಬರ್ತೀನಮ್ಮಾ, ಇದೇ ಲೇನು, ಅಂದುಬಿಡು, ಒಂದೇ ಮಾತು, ಆ ಮುಖ ಮುದುಡುತ್ತದೆ, ಇದೂ ನಿಮ್ದೇನಾ, ಅಂತ ಮತ್ತೆ ನೆಲ ನೋಡುತ್ತದೆ, ಲೇನು ನನಗೆ ವಾಪಸ್ಸು ಬರುತ್ತದೆ, ಬೇಕು, ನನಗೆ ಬೇಕು, ಬಾಯಿ ತೆರೆದೆ — ಹೂಂ, ಮೊದಲ್ನೇ ಸಲ. ಯಾರು ಹೇಳಿದ್ದು, ನಾನೇ. ಹೌದಾ! ಹೆದರ್ಬೇಡಿ ಡಾಕ್ಟ್ರೇ, ಇಲ್ಲಿ ಅಷ್ಟು ಆಳ ಇಲ್ಲ, ಗೋಡೆ ಹಿಡ್ಕೊಂಡ್ರೆ ಸಾಕು, ನಾನು ಕಲಿಸ್ತೀನಿ, ಬನ್ನಿ, ಕೈ ಕೊಡಿ, ನೀರಿನಿಂದ ಕೈ ಮೇಲೆ ಬಂತು, ಬೆರಳ ತುದಿಗಳು ನೆನೆದು ಸುಕ್ಕಾಗಿವೆ, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿದೆ, ಈಜು ಬಾರದವಳು ಮೆಟ್ಟಿಲು ಹೇಗೆ ಇಳಿಯುತ್ತಾಳೆ, ಮೊದಲು ಯಾವ ಕಾಲು, ಮುಖದಲ್ಲಿ ಎಷ್ಟು ಹೆದರಿಕೆ, ನೀರು ಮುಟ್ಟಿ ಬೆಚ್ಚಬೇಕೇ, ಕೈ ಹಾಗೇ ಇದೆ, ಇನ್ನು ಪ್ರತಿ ಭಾನುವಾರ ಈಜು ಬಾರದವಳೇ ಆಗಿರಬೇಕೇ, ದೊಡ್ಡ ಮೇಡಂ ಏನನ್ನುತ್ತಾರೆ, ಆ ಕೈ, ಯಾರೋ ಸೀಟಿ ಊದಿದರು, ಬನ್ನಿ ಡಾಕ್ಟ್ರೇ, ಬಿಸಿಲು ಬಿದ್ದ ಕೈ, ನನ್ನ ಕಡೆಗೇ, ಒದ್ದೆ, ಚಾಚಿದ ಕೈ