ಮಧ್ಯಾಹ್ನ ಎರಡರ ಸೋರಿಕೆ

ಹಾಜರಿ ಪುಸ್ತಕವೊಂದನ್ನು ಬಿಟ್ಟರೆ ನೀರು ಸರಬರಾಜು ಕಚೇರಿಯಲ್ಲಿ ಅವನ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಅವನು ಕಿವಿಯಣ್ಣ. ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಕಂಡುಹಿಡಿಯುವುದು ಅವನ ಕೆಲಸ. ಕಬ್ಬಿಣದ ಕೋಲಿನ ಒಂದು ತುದಿಯನ್ನು ರಸ್ತೆಗೆ ಊರಿ, ಮೇಲಿನ ತುದಿಗೆ ಕಿವಿ ಹಚ್ಚಿ ನಿಂತನೆಂದರೆ ಸುತ್ತ ಇದ್ದವರು ಕೆಮ್ಮುವ ಹಾಗಿಲ್ಲ, ಕಾಲು ಎತ್ತಿಡುವ ಹಾಗಿಲ್ಲ, ಮೊಬೈಲು ಬಡಿದುಕೊಳ್ಳುವ ಹಾಗಂತೂ ಇಲ್ಲವೇ ಇಲ್ಲ. ಇಪ್ಪತ್ತು ವರ್ಷದಲ್ಲಿ ಅವನು "ಇಲ್ಲಿ ಅಗೀರಿ" ಎಂದ ಕಡೆ ಸೋರಿಕೆ ಸಿಗದೇ ಹೋದದ್ದು ಎರಡೇ ಸಲ. ಅದನ್ನೂ ಅವನು ಇವತ್ತಿಗೂ ಒಪ್ಪಿಲ್ಲ.

ಇಂಥವನ ಮನೆಯಲ್ಲೇ ಸೋರಿಕೆ ಎಂದರೆ ಮರ್ಯಾದೆ ಪ್ರಶ್ನೆಯಲ್ಲವೇ? ಸೋರಿದ್ದು ನೀರಲ್ಲ, ಇಂಟರ್ನೆಟ್ಟು. ಅರ್ಧ ತಿಂಗಳೂ ಕಳೆದಿರಲಿಲ್ಲ, "ನಿಮ್ಮ ಡೇಟಾ ಶೇಕಡಾ ತೊಂಬತ್ತು ಮುಗಿದಿದೆ" ಎಂದು ಮೆಸೇಜು ಬಂತು. ಪೂರ್ತಿ ಮುಗಿದರೆ ಲೈನು ಇದ್ದೂ ಸತ್ತ ಹಾಗೆ. ಒಂದು ಫೋಟೋ ತೆರೆದುಕೊಳ್ಳುವಷ್ಟರಲ್ಲಿ ಊಟ ಮುಗಿಸಿ ಕೈ ತೊಳೆದು ಬರಬಹುದು. ಮನೆಯಲ್ಲಿ ಇರುವವರೇ ಇಬ್ಬರು. ಅವನು ಬೆಳಗಿನ ಪಾಳಿ ಮುಗಿಸಿ ಒಂದೂವರೆಗೆ ಬರುತ್ತಾನೆ. ಹೆಂಡತಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಒಂಬತ್ತರಿಂದ ಆರು. ಟೀವಿ ಹಾಕಿ ವರ್ಷವಾಗಿತ್ತು, ನೋಡುವವರಿಲ್ಲವೆಂದು ಆ ತಿಂಗಳಷ್ಟೇ ಸಣ್ಣ ಪ್ಲಾನಿಗೆ ಇಳಿಸಿದ್ದ. ಮತ್ತೆ ಇಷ್ಟೊಂದು ಕುಡಿಯುತ್ತಿರುವವರು ಯಾರು?

ಮೂವರಿದ್ದ ಮನೆ ಅದು. ಹೋದ ವರ್ಷ ಮಗಳು ತೀರಿಕೊಂಡಳು. ಐದು ವರ್ಷದ ಕೂಸು. ಎದ್ದಾಗಿನಿಂದ ಮಲಗುವ ತನಕ ಬಾಯಿಗೆ ಬಿಡುವಿಲ್ಲ, ಅದಕ್ಕೇ ಅಪ್ಪ ಅವಳನ್ನು ಬಡಬಡಿ ಎನ್ನುತ್ತಿದ್ದ. ನಿದ್ದೆಯಲ್ಲಿ ಫಿಟ್ಸ್ ಬರುತ್ತಿತ್ತೆಂದು ಅವಳ ಕೋಣೆಗೊಂದು ಕ್ಯಾಮೆರಾ ಹಾಕಿಸಿದ್ದರು. ಕೋಣೆಯಲ್ಲಿ ಏನಾದರೂ ಅಲುಗಿದರೆ ಸಾಕು, ಗಂಡ ಹೆಂಡತಿ ಇಬ್ಬರ ಫೋನೂ ಕೂಗುತ್ತಿತ್ತು. ಅವತ್ತೂ ಕೂಗಿತು. ರಜೆ ಹಾಕಿದ್ದ ಹೆಂಡತಿ ಮಹಡಿ ಮೇಲೆ ಬಟ್ಟೆ ಒಣಹಾಕುತ್ತಿದ್ದಳು, ಫೋನು ಕೆಳಗೆ ಚಾರ್ಜಿಗಿತ್ತು. ಪಾಳಿ ಮುಗಿದಿದ್ದರೂ ಅವನು ಯಾವುದೋ ಬೀದಿಯಲ್ಲಿ ಒಡೆದ ಪೈಪಿನ ಮೇಲೆ ಕೋಲು ಊರಿ ನಿಂತಿದ್ದ, ಎಂದಿನಂತೆ ಫೋನಿನ ಬಾಯಿ ಮುಚ್ಚಿಸಿದ್ದ. ಊರಿನ ನೆಲದೊಳಗೆ ಹನಿ ತೊಟ್ಟಿಕ್ಕಿದರೂ ಕೇಳುವ ಕಿವಿಗೆ ತನ್ನ ಮಗಳದ್ದು ಕೇಳಲಿಲ್ಲ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ.

ಎಲ್ಲ ಮುಗಿದ ಮೇಲೆ ಅವನು ತನ್ನ ಫೋನಿನಿಂದ ಕ್ಯಾಮೆರಾದ ಆ್ಯಪು ಅಳಿಸಿ, ಹೆಂಡತಿಗೆ, "ಆ ಕ್ಯಾಮೆರಾ ಕಿತ್ತು ಬಿಸಾಕು," ಎಂದ. ಅವಳು ಕೋಣೆಯೊಳಗೆ ಹೋಗಿ ಬಂದು "ಆಯ್ತು" ಎಂದಳು. ಅವನು ಬಾಗಿಲಿಗೆ ಬೀಗ ಜಡಿದ. "ಇನ್ಮೇಲೆ ಇದನ್ನ ತೆಗೆಯೋ ಹಾಗಿಲ್ಲ. ಅವಳ ಮಾತು ಎತ್ತೋ ಹಾಗೂ ಇಲ್ಲ," ಎಂದ. ಬೀಗದ ಕೈಯನ್ನು ಕಾಲುವೆಗೆ ಎಸೆದು ಬಂದೆ ಎಂದೂ ಹೇಳಿದ.

ಅಪ್ಪಟ ಸುಳ್ಳು. ಬೀಗದ ಕೈ ಅವನ ಖಾಕಿ ಅಂಗಿಯ ಒಳಜೇಬಿನಲ್ಲಿತ್ತು. ದಿನಾ ಎರಡು ಗಂಟೆಗೆ, ಹೆಂಡತಿ ಇಲ್ಲದ ಹೊತ್ತಿನಲ್ಲಿ, ಅವನು ಆ ಬಾಗಿಲು ತೆಗೆಯುತ್ತಿದ್ದ. ಪುಟ್ಟ ಮಂಚದ ಪಕ್ಕ ನೆಲದ ಮೇಲೆ ಕೂತು, ದಿಂಬಿಗೆ ಹಣೆ ಹಚ್ಚಿ ಕಥೆ ಹೇಳುತ್ತಿದ್ದ. ನೀರಿನ ಪೈಪಿನೊಳಗೆ ದಾರಿ ತಪ್ಪಿದ ಮರಿಮೀನಿನ ಕಥೆ, ಅವಳಿಗಾಗಿ ಅವನೇ ಕಟ್ಟಿದ್ದು. ದೊಡ್ಡ ಟ್ಯಾಂಕಿನಿಂದ ಹೊರಟ ಮೀನು ವಾಲ್ವು ದಾಟಿ, ಬೀದಿ ದಾಟಿ, ಮನೆಮನೆಯ ನಲ್ಲಿಯಲ್ಲೂ ಇಣುಕಿ, "ನಮ್ಮಮ್ಮ ಇದಾಳಾ?" ಎಂದು ಕೇಳುತ್ತದೆ. ಬಡಬಡಿ ಇದ್ದಾಗ ಆ ಮೀನು ದಿನಾ ಮನೆ ಸೇರುತ್ತಿತ್ತು. ಈಗ ಸೇರುತ್ತಿರಲಿಲ್ಲ. ಸೇರಿದರೆ ಕಥೆ ಮುಗಿಯುತ್ತದೆ, ಮುಗಿದರೆ ಎದ್ದು ಹೊರಡಬೇಕು. ಹಾಗಾಗಿ ಒಂದು ವರ್ಷದಿಂದ ಆ ಬಡಪಾಯಿ ಮೀನನ್ನು ಅವನು ಬೀದಿ ಬೀದಿ ಅಲೆಸುತ್ತಿದ್ದ.

ಇರಲಿ, ಸೋರಿಕೆಯ ವಿಷಯಕ್ಕೆ ಬರೋಣ. ಮೊದಲು ಅನುಮಾನ ಬಿದ್ದದ್ದು ಮೇಲಿನ ಮನೆಯ ರಿಟೈರ್ಡ್ ಮೇಷ್ಟ್ರ ಮೇಲೆ.

"ಮೇಷ್ಟ್ರೇ, ನಮ್ಮ ವೈಫೈನ ಯಾರೋ ಬಳಸ್ತಾ ಇದಾರೆ," ಎಂದ ಅಷ್ಟೇ.

"ನಾನಂತೂ ಅಲ್ಲಪ್ಪ! ನನಗೆ ಪಾಸ್‌ವರ್ಡೇ ಗೊತ್ತಿಲ್ಲ. ಕೊನೇಲಿ ಸೊನ್ನೆ ಇರೋದೂ ಗೊತ್ತಿಲ್ಲ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ಮೇಷ್ಟ್ರ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಬೆಳಿಗ್ಗೆ ಪೇಪರ್ ಓದೋಕೆ ಕಣಪ್ಪ, ಅಷ್ಟೇ. ನಿನ್ನ ಮಗಳೇ ಒಂದಿನ ಹೇಳಿಕೊಟ್ಟಿದ್ದು," ಎಂದು ಅವನೆದುರೇ ತಮ್ಮ ಫೋನಿನಿಂದ ಅದನ್ನು ಅಳಿಸಿದರು. ಆಮೇಲೆ ದೊಡ್ಡವರ ಧಾಟಿಯಲ್ಲಿ, "ಹೊರಗೆ ಹುಡುಕಬೇಡ, ಮನೆಯೊಳಗೇ ನೋಡು. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ..." ಎಂದವರು ನಾಲಿಗೆ ಕಚ್ಚಿಕೊಂಡು ಒಳಗೆ ಹೋಗಿಬಿಟ್ಟರು.

ಪಾಸ್‌ವರ್ಡು ಬದಲಿಸಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪಾಸ್‌ವರ್ಡು ಏನು ಗೊತ್ತೇ? ಬಡಬಡಿ, ಕೊನೆಗೊಂದು ಸೊನ್ನೆ. ಅದನ್ನು ಅಳಿಸಲು ಅವನಿಗೆ ಕೈ ಬರಲಿಲ್ಲ.

ಮೇಷ್ಟ್ರು ಬಿಟ್ಟ ಮೇಲೂ ಡೇಟಾ ಇಳಿಯುತ್ತಲೇ ಇತ್ತು. ಇಂಟರ್ನೆಟ್ ಕಂಪನಿಗೆ ಫೋನು ಮಾಡಿದ. ಯಾರೋ ಹುಡುಗಿ ಬಹಳ ಹೊತ್ತು ಕೀಲಿ ಕುಟ್ಟಿ ಹೇಳಿದಳು, "ಸರ್, ಇದು ನಿಮ್ಮನೆಗೆ ಬರ್ತಾ ಇರೋದಲ್ಲ. ನಿಮ್ಮನೆಯಿಂದ ಹೊರಗೆ ಹೋಗ್ತಾ ಇರೋದು."

"ಹೊರಗೆ ಅಂದ್ರೆ?"

"ಒಳಗಿಂದ ಏನೋ ಕಳಿಸ್ತಾ ಇದೆ ಸರ್. ದಿನಾ ಎರಡೂ ಹತ್ತರ ಹೊತ್ತಿಗೆ ಶುರುವಾಗುತ್ತೆ. ಆ ಟೈಮಲ್ಲಿ ಮನೇಲಿ ಯಾರಿರ್ತಾರೆ?"

"ಯಾರೂ ಇರಲ್ಲ," ಎಂದ ಅವನು. ಹೆಂಡತಿಗೆ ಹೇಳುವ ಸುಳ್ಳು ರೂಢಿಯಾಗಿ ಇವಳಿಗೂ ಬಂದುಬಿಟ್ಟಿತು.

"ಯಾರೋ ಇದಾರೆ ಸರ್," ಎಂದಳು ಹುಡುಗಿ.

ಎರಡೂ ಹತ್ತು. ಬಡಬಡಿ ಹೋದ ಹೊತ್ತು.

ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಒಂದು ಬಡಾವಣೆಯಲ್ಲಿ ನೀರು ಸೋರಿದರೆ ವಾಲ್ವುಗಳನ್ನು ಒಂದೊಂದಾಗಿ ಮುಚ್ಚುತ್ತಾ ಬರಬೇಕು, ಮೀಟರಿನ ಮುಳ್ಳಿನ ಮೇಲೆ ಕಣ್ಣಿಡಬೇಕು. ಹಾಗೇ ಮಾಡಿದ. ಟೀವಿಯ ಪ್ಲಗ್ಗು ಕಿತ್ತ. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಬಿಚ್ಚಿಟ್ಟ. ಎಷ್ಟು ಹೊರಗೆ ಹೋಗುತ್ತಿದೆ ಎಂದು ತೋರಿಸುವ ರೌಟರಿನ ಪುಟವನ್ನು ಫೋನಿನಲ್ಲಿ ತೆರೆದು, ಹಾಲ್‌ನಲ್ಲಿ ರೌಟರಿನ ಎದುರು ಸ್ಟೂಲು ಹಾಕಿಕೊಂಡು ಎರಡರಿಂದ ನಾಲ್ಕರವರೆಗೆ ಕೂತ. ಏನೂ ಹೋಗಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನವೂ ಇಲ್ಲ.

ಆ ಸಂಜೆ ಹೆಂಡತಿ ತಟ್ಟೆಗೆ ಅನ್ನ ಹಾಕುತ್ತಾ, "ಮಧ್ಯಾಹ್ನ ಏನ್ ಮಾಡಿದ್ರಿ?" ಎಂದಳು.

"ಮಲಗಿದ್ದೆ."

"ಮೂರು ದಿನದಿಂದಾನೂ ಮಲಗೇ ಇದೀರಾ? ಹುಷಾರಾಗಿದೀರಿ ತಾನೇ?"

"ಹುಷಾರಾಗೇ ಇದೀನಿ ಮಾರಾಯ್ತಿ. ಅದೇನು ಇದ್ದಕ್ಕಿದ್ದ ಹಾಗೆ?"

ಅವಳು ಬೀಗ ಹಾಕಿದ ಬಾಗಿಲಿನ ಕಡೆ ನೋಡಿದಳು. ಅದನ್ನು ಅವನು ನೋಡಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು.

ನಾಲ್ಕನೆಯ ದಿನವೂ ಅಂಕಿ ಅಲುಗದಿದ್ದಾಗ ಆ ಲೆಕ್ಕ ಬಿಡಿಸಿಕೊಂಡಿತು. ಹಾಲ್‌ನಲ್ಲಿ ಕೂತರೆ ಇಲ್ಲ. ತಾನು ಆ ಕೋಣೆಗೆ ಹೋದ ದಿನಗಳಲ್ಲಿ ಮಾತ್ರ ಇತ್ತು. ಅಂದರೆ ತಾನು ಹೋದಾಗ ಅಲ್ಲಿಗೆ ಇನ್ನೊಬ್ಬರು ಬರುತ್ತಾರೆ. ಎರಡೂ ಹತ್ತಕ್ಕೆ ಬರುವವಳು ಬಡಬಡಿಯಲ್ಲದೆ ಇನ್ಯಾರು? ಒಂದು ಮನಸ್ಸು ಹೇಳಿತು, ಬೇಡ, ಬುಡ ಹುಡುಕಬೇಡ. ಸೋರಿಕೆ ಸಿಕ್ಕಿದರೆ ಅದನ್ನು ಮುಚ್ಚಬೇಕಾಗುತ್ತದೆ, ಮುಚ್ಚಿದರೆ ಅವಳು ಇನ್ನೊಂದು ಸಲ ಹೋಗುತ್ತಾಳೆ. ಆದರೆ ಇಪ್ಪತ್ತು ವರ್ಷದ ಕಸುಬು ಬಿಡಬೇಕಲ್ಲ!

ಐದನೆಯ ದಿನ ಕೋಲನ್ನೂ ಹಿಡಿದುಕೊಂಡೇ ಕೋಣೆಗೆ ಹೋದ. ನಾಲ್ಕು ದಿನ ಮುಚ್ಚಿದ್ದಕ್ಕೆ ಒಳಗೆ ಹಳೆಯ ಬಟ್ಟೆಯ ಕಮಟು ವಾಸನೆ. ಗೋಡೆಯಲ್ಲಿ ಅವಳ ಬಣ್ಣದ ಕಡ್ಡಿಯ ಗೀಟುಗಳು, ಬೀರುವಿನ ಮೇಲೆ ಅವಳು ಸಾಲಾಗಿ ಕೂರಿಸಿದ್ದ ಬೊಂಬೆಗಳು, ಎಲ್ಲ ಹಾಗೇ ಇದ್ದವು. ಎಂದಿನಂತೆ ಬೀರುವಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತ. ಫೋನನ್ನು ತೊಡೆಯ ಮೇಲಿಟ್ಟುಕೊಂಡ. ಸೊನ್ನೆ. ಒಂದು ನಿಮಿಷ ಹಾಗೇ ಇತ್ತು. ಆಮೇಲೆ ಅಂಕಿ ಕದಲಿತು, ಏರತೊಡಗಿತು.

"ಬಂದ್ಯಾ ಕಂದಾ?" ಎಂದ.

ಕೋಲಿನ ತುದಿಯನ್ನು ಮಂಚದ ಕಾಲಿಗೆ ಊರಿ, ಇನ್ನೊಂದು ತುದಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ಉಸಿರು ಹಿಡಿದ. ತನ್ನ ಎದೆಯ ಬಡಿತ ಕೇಳಿತು. ಮೇಲೆ ಎಲ್ಲೋ ಚಿಟಿಕೆ ಹೊಡೆದಷ್ಟು ಸಣ್ಣ ಸದ್ದಾಯಿತು. ಆಮೇಲೆ ಕೋಣೆಯೊಳಗಿನಿಂದಲೇ ಕೀರಲಾದ, ಒಡೆದ, ಪುಟ್ಟ ದನಿಯೊಂದು ಕೇಳಿತು.

"ನಾಲ್ಕು ದಿನದಿಂದ ಯಾಕೆ ಬರ್ಲಿಲ್ಲ?"

ಕೋಲು ಜಾರಿ ನೆಲಕ್ಕೆ ಬಿತ್ತು. ಹೆದರಿದನೇ? ಇಲ್ಲ. ಜೀವಮಾನದಲ್ಲಿ ಅಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ. "ಬಂದೆ ಬಡಬಡೀ, ಬಂದೆ ನನ್ನಮ್ಮಾ," ಎಂದು ಖಾಲಿ ಹಾಸಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ. "ತಪ್ಪಾಯ್ತು. ಅವತ್ತು ನೀನು ಕೂಗಿದ್ದು ನಂಗೆ ಕೇಳಿಸ್ಲಿಲ್ಲ ಕಂದಾ..."

ಆ ದನಿ ಬಿಕ್ಕಿತು. "ನಾನು ಕಣ್ರೀ," ಎಂದಿತು. "ಅವಳಲ್ಲ. ನಾನು."

ಅವನು ನಿಧಾನಕ್ಕೆ ತಿರುಗಿದ. ಬೀರುವಿನ ಮೇಲೆ, ಆನೆ ಬೊಂಬೆ ಮತ್ತು ಕರಡಿ ಬೊಂಬೆಯ ನಡುವೆ, ಕ್ಯಾಮೆರಾದ ಸಾಸಿವೆ ಕಾಳಿನಷ್ಟು ಕೆಂಪು ದೀಪ ಉರಿಯುತ್ತಿತ್ತು. ಮಗಳು ಅವನ ಕೈಯಿಂದ ಎರಡನೆಯ ಸಲ ಹೋದಳು. ಈ ಸಲ ಅವನು ನೋಡುತ್ತಿರುವಂತೆಯೇ ಹೋದಳು.

"ಕಿತ್ತು ಬಿಸಾಕಿದೆ ಅಂದಿದ್ದೆ ನೀನು," ಎಂದ ಕೊನೆಗೆ.

"ಕೀ ಕಾಲುವೆಗೆ ಎಸೆದೆ ಅಂದಿದ್ರಿ ನೀವು."

ಅವನ ಕೈ ಒಳಜೇಬಿನ ಮೇಲೆ ಹೋಯಿತು.

"ಅಂಗಡಿ ಗೋಡೌನಲ್ಲಿ, ಸಿರಪ್ ಡಬ್ಬಗಳ ಮಧ್ಯೆ ಕೂತು, ಈ ಕ್ಯಾಮೆರಾದಲ್ಲೇ ಮಾತಾಡ್ತಾ ಇದೀನಿ," ಎಂದಿತು ದನಿ. "ದಿನಾ ಊಟದ ಹೊತ್ತಲ್ಲಿ ಇಲ್ಲೇ ಕೂರ್ತೀನಿ. ಬೀಗ ಹಾಕಿದ ಮರುದಿನವೇ ಫೋನು ಕೂಗಿತು ಕಣ್ರೀ. ಕೋಣೆಯಲ್ಲಿ ಏನೋ ಅಲುಗಾಡ್ತಾ ಇದೆ ಅಂತ. ನನ್ನ ಜೀವವೇ ಬಾಯಿಗೆ ಬಂತು. ತೆಗೆದು ನೋಡಿದ್ರೆ ನೀವು. ಅತ್ತುಕೊಂಡು ಮೀನಿನ ಕಥೆ ಹೇಳ್ತಾ ಇದೀರಿ. ಅವತ್ತು ಫೋನು ಕೂಗಿದಾಗ ನಾನು ನೋಡ್ಲಿಲ್ಲವಲ್ಲ, ಅದಕ್ಕೇ ಈಗ ಒಂದಿನಾನೂ ಬಿಡದೆ ನೋಡ್ತೀನಿ. ನಾಲ್ಕು ದಿನದಿಂದ ಕೂಗ್ಲೇ ಇಲ್ಲ. ನೀವೂ ಎಲ್ಲಿ ಏನು ಮಾಡಿಕೊಂಡ್ರೋ ಅಂತ ನಾನು ಇಲ್ಲಿ ಒದ್ದಾಡ್ತಾ ಇದ್ದೆ. ಮನೇಲಿ ಕೇಳೋಣ ಅಂದ್ರೆ, ಅವಳ ಮಾತೇ ಎತ್ತಬಾರದು ಅಂದಿದೀರಿ."

ಅವನು ಮುಖ ಒರೆಸಿಕೊಳ್ಳಲಿಲ್ಲ. ನೋಡುವವಳು ಹೇಗೂ ವರ್ಷವಿಡೀ ನೋಡಿದ್ದಾಳೆ.

"ರೀ, ಆ ಮೀನು ಎಲ್ಲಿದೆ ಈಗ?"

"ಮಾರ್ಕೆಟ್ ಹತ್ತಿರದ ವಾಲ್ವಲ್ಲಿ."

"ಸಾಕು ಕಣ್ರೀ. ಎಷ್ಟು ಅಂತ ಅಲೆಸ್ತೀರಿ ಅದನ್ನ? ಸುಸ್ತಾಗಿರುತ್ತೆ. ಮನೆ ಸೇರಿಸಿ."

ಅವನು ಕೆಂಪು ದೀಪದ ಕಡೆಗೇ ಮುಖ ಮಾಡಿ ಶುರುಮಾಡಿದ. ಮೀನು ವಾಲ್ವು ದಾಟಿತು. ಎಡಕ್ಕೆ ತಿರುಗಿತು. ಸಣ್ಣ ಪೈಪಿಗೆ ಬಂತು. ನಮ್ಮ ಬೀದಿ, ನಮ್ಮ ಗೇಟು, ನಮ್ಮ ನಲ್ಲಿ. ಒಳಗಿಂದ ಯಾರೋ ನಲ್ಲಿ ತಿರುಗಿಸಿದರು...

ತೊಡೆಯ ಮೇಲಿದ್ದ ಫೋನು ಠಣ್ಣೆಂದಿತು. ನಿಮ್ಮ ಈ ತಿಂಗಳ ಡೇಟಾ ಪೂರ್ತಿ ಮುಗಿದಿದೆ. ಏರುತ್ತಿದ್ದ ಅಂಕಿ ನಿಂತುಹೋಯಿತು. "ಕೇಳಿಸ್ತಾ ಇದೆಯೇನೇ?" ಎಂದು ಎರಡು ಸಲ ಕೇಳಿದ. ಬೀರುವಿನ ಮೇಲಿನಿಂದ ಗೊರಗೊರ ಎಂದದ್ದು ಬಿಟ್ಟರೆ ಏನೂ ಬರಲಿಲ್ಲ. ಇಷ್ಟು ದಿನ ಹುಡುಕಿದ ಸೋರಿಕೆ ತಾನಾಗಿಯೇ ನಿಂತಿತ್ತು, ಅವನೋ ಅದನ್ನು ಶಪಿಸುತ್ತಾ ಕೂತಿದ್ದ.

ಮೂರು ಗಂಟೆಗೆ ಗೇಟಿನ ಸದ್ದಾಯಿತು. ವರ್ಷದಲ್ಲಿ ಮೊದಲ ಸಲ ಅವನು ಬಾಗಿಲು ಮುಚ್ಚಲು ಎದ್ದು ಓಡಲಿಲ್ಲ. ಹೆಂಡತಿ ಅಂಗಡಿಯ ನೀಲಿ ಕೋಟಿನಲ್ಲೇ, ಏದುಸಿರು ಬಿಡುತ್ತಾ, ಹೊಸ್ತಿಲಲ್ಲಿ ಬಂದು ನಿಂತಳು. ಆಮೇಲೆ ಒಳಗೆ ಬಂದು ಅವನ ಪಕ್ಕ ನೆಲದ ಮೇಲೆ ಕೂತಳು.

"ಅರ್ಧಕ್ಕೇ ನಿಂತೋಯ್ತು," ಎಂದಳು.

"ಎಲ್ಲೀವರೆಗೆ ಕೇಳಿಸ್ತು?"

"ಯಾರೋ ನಲ್ಲಿ ತಿರುಗಿಸಿದ್ರು ಅನ್ನೋವರೆಗೆ. ಯಾರು ತಿರುಗಿಸಿದ್ದು?"

"ಅವಳಮ್ಮ," ಎಂದ ಅವನು. "ಮೀನು ಕೂಗ್ತಲ್ಲ, ಅಮ್ಮ ಅಲ್ಲೇ ಇದ್ದಳು. ಅಪ್ಪಾನೂ ಅಲ್ಲೇ ಇದ್ದ. ಇಬ್ರಿಗೂ ಕೇಳಿಸ್ತು."

ಅವಳು ಮಂಚದ ಕಾಲು ಹಿಡಿದುಕೊಂಡು ಜೋರಾಗಿ ಅತ್ತಳು. ಮೇಲಿನ ಮನೆಯ ಮೇಷ್ಟ್ರಿಗೂ ಕೇಳಿಸಿರಬೇಕು. ಅವನು ಸುಮ್ಮನಿರು ಎನ್ನಲಿಲ್ಲ.